ಅಸ್ಪಷ್ಟ ಭರವಸೆಗೆ ಬೆಲೆ ತೆರುವವರು ಯಾರು?

ಕಂಪೆನಿಯೊಂದು ಸುಳ್ಳು ಹೇಳಿದರೆ ಶಿಕ್ಷಿಸಲು ಕಾನೂನಿದೆ. ಆದರೆ ಸುಳ್ಳೂ ಅಲ್ಲದ, ಸ್ಪಷ್ಟವೂ ಅಲ್ಲದ ಮಾತನ್ನು ಹಿಡಿಯುವುದು ಹೇಗೆ? ಶೇರು ಮಾರುಕಟ್ಟೆಯಲ್ಲಿ ಜನಸಾಮಾನ್ಯರ ಉಳಿತಾಯ ಕರಗಲು ಅನೇಕ ಬಾರಿ ಇಂತಹ ಮಾತುಗಳೇ ಸಾಕಾಗುತ್ತವೆ.

ಅಮೇರಿಕದ ವಿದ್ಯುತ್ ಕಾರು ತಯಾರಕ ಸಂಸ್ಥೆ ಟೆಸ್ಲಾವನ್ನೇ ನೋಡಿ. ಹಲವು ವರ್ಷಗಳ ಅವಧಿಯಲ್ಲಿ ತನ್ನ ಕಾರುಗಳ ವಿತರಣೆ ವರ್ಷಕ್ಕೆ ಸರಾಸರಿ 50 ಶೇಕಡಾ ಬೆಳೆಯಲಿದೆ ಎಂದು 2021ರ ಜನವರಿಯಲ್ಲಿ ಅದು ಹೇಳಿತು. ಹಲವು ಎಂದರೆ ಎಷ್ಟು? ಮೂರೇ, ಐದೇ, ಹತ್ತೇ? ಅದನ್ನು ಹೇಳಲಿಲ್ಲ. 2020ರಲ್ಲಿ ಸುಮಾರು 5 ಲಕ್ಷವಿದ್ದ ವಿತರಣೆ 2021ರಲ್ಲಿ 9.36 ಲಕ್ಷಕ್ಕೇರಿತು. ಆದರೆ 2022ರ ಬೆಳವಣಿಗೆ 40 ಶೇಕಡಾ, 2023ರದ್ದು 38 ಶೇಕಡಾ. 2022ರಲ್ಲಿ 50ನ್ನು ಮುಟ್ಟದಿದ್ದರೂ, ತಾನು ಗುರಿಗಿಂತ ಮುಂದೆಯೇ ಇರುವುದಾಗಿ ಕಂಪೆನಿ 2023ರ ಆರಂಭದಲ್ಲಿ ಹೇಳಿಕೊಂಡಿತು. ಲೆಕ್ಕ ತಪ್ಪಿರಲಿಲ್ಲ. ಮೊದಲ ವರ್ಷದ ನೆಗೆತವು ನಂತರದ ವರ್ಷಗಳ ನಿಧಾನಗತಿಯನ್ನು ಮರೆಮಾಚಿತ್ತು, ಅಷ್ಟೇ.

2024ರ ಜನವರಿಯಲ್ಲಿ ಮಾತು ಬದಲಾಯಿತು. ಆ ವರ್ಷದ ಬೆಳವಣಿಗೆ ಗಮನಾರ್ಹವಾಗಿ ಕಡಿಮೆಯಿರಬಹುದು ಎಂದಿತು ಕಂಪೆನಿ. ಎಷ್ಟು ಕಡಿಮೆ? ಸಂಖ್ಯೆಯೇ ಇಲ್ಲ. ಮರುದಿನ ಶೇರು ಬೆಲೆ ಸುಮಾರು 12 ಶೇಕಡಾ ಕುಸಿಯಿತು. 2020ರಿಂದ ವರ್ಷಕ್ಕೆ 50 ಶೇಕಡಾದಂತೆ ಲೆಕ್ಕ ಹಾಕಿದರೆ 2024ರಲ್ಲಿ 25 ಲಕ್ಷ ಕಾರುಗಳು ವಿತರಣೆಯಾಗಬೇಕಿತ್ತು. ಆದದ್ದು 17.89 ಲಕ್ಷ, ಹಿಂದಿನ ವರ್ಷಕ್ಕಿಂತಲೂ ಕಡಿಮೆ.

ನಿಜವಾಗಿ, ಶೇರಿನ ಬೆಲೆಯಲ್ಲಿ ಇಂದಿನ ಗಳಿಕೆಗಿಂತ ನಾಳಿನ ನಿರೀಕ್ಷೆಯ ಪಾಲೇ ದೊಡ್ಡದು. ಕಂಪೆನಿ ಬಿಟ್ಟ ಖಾಲಿ ಜಾಗವನ್ನು ಆಶಾವಾದಿಗಳು ತಮ್ಮದೇ ಸಂಖ್ಯೆಯಿಂದ ತುಂಬುತ್ತಾರೆ. ಬೆಲೆ ಏರುತ್ತದೆ. ಏರಿದ ಬೆಲೆಯೇ ಭರವಸೆಗೆ ಸಾಕ್ಷಿಯೆಂಬಂತೆ ಇನ್ನಷ್ಟು ಜನ ಬರುತ್ತಾರೆ. ಸತ್ಯ ಹೊರಬಿದ್ದ ದಿನ, ಕೊನೆಗೆ ಬಂದವರೇ ಹೆಚ್ಚು ಕಳಕೊಳ್ಳುತ್ತಾರೆ.

ಅಳತೆಗೋಲನ್ನು ಗೊಂದಲಗೊಳಿಸುವುದು ಇನ್ನೊಂದು ಬಗೆ. 2019ರ ಫೆಬ್ರವರಿಯಲ್ಲಿ ಇದೇ ಕಂಪೆನಿಯ ಮುಖ್ಯಸ್ಥ ಎಲಾನ್ ಮಸ್ಕ್, ಆ ವರ್ಷ ಸುಮಾರು 5 ಲಕ್ಷ ಕಾರು ತಯಾರಿಸುವುದಾಗಿ ಟ್ವೀಟ್ ಮಾಡಿದರು. ಕೆಲವೇ ಗಂಟೆಗಳಲ್ಲಿ, ಅದು ವರ್ಷಾಂತ್ಯದ ಉತ್ಪಾದನಾ ವೇಗವೆಂದೂ ವಿತರಣೆ ಸುಮಾರು 4 ಲಕ್ಷವೆಂದೂ ತಿದ್ದಿದರು. ಅಮೇರಿಕದ ಶೇರು ನಿಯಂತ್ರಣ ಆಯೋಗ ನ್ಯಾಯಾಲಯದ ಮೆಟ್ಟಲೇರಿತು. ಉತ್ಪಾದನಾ ಸಂಖ್ಯೆಗಳನ್ನು ಪ್ರಕಟಿಸುವ ಮುನ್ನ ಅವರು ವಕೀಲರ ಒಪ್ಪಿಗೆ ಪಡೆಯಬೇಕೆಂಬ ಒಪ್ಪಂದ ಏಪ್ರಿಲ್‌ನಲ್ಲಿ ಆಯಿತು. ಆ ವರ್ಷ ವಿತರಣೆಯಾದದ್ದು ಸುಮಾರು 3.67 ಲಕ್ಷ.

ಹಾಗಂತ, ಭವಿಷ್ಯವನ್ನು ಯಾರೂ ಕರಾರುವಾಕ್ಕಾಗಿ ಹೇಳಲಾರರು ಎಂಬುದನ್ನು ನಾವು ಒಪ್ಪುತ್ತೇವೆ. ಎಚ್ಚರಿಕೆಯ ಮಾತುಗಳೊಂದಿಗೆ ಹೇಳಿದ ಮುನ್ನೋಟಗಳಿಗೆ ಅಮೇರಿಕದಲ್ಲಿ 1995ರ ಕಾನೂನು ರಕ್ಷಣೆ ನೀಡಿರುವುದೂ ಈ ಕಾರಣದಿಂದಲೇ. ಸ್ಪಷ್ಟತೆಗೂ ಬೆಲೆಯಿದೆ. 2013ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್, ಮುಂದಿನ ವರ್ಷದ ಆದಾಯ 6ರಿಂದ 10 ಶೇಕಡಾ ಬೆಳೆಯಬಹುದೆಂದು ಸಂಖ್ಯೆಯಲ್ಲೇ ಹೇಳಿತು. ಮಾರುಕಟ್ಟೆ ಹೆಚ್ಚು ನಿರೀಕ್ಷಿಸಿತ್ತು. ಒಂದೇ ದಿನ ಶೇರು 20 ಶೇಕಡಾಕ್ಕಿಂತಲೂ ಹೆಚ್ಚು ಕುಸಿಯಿತು. ಆದರೆ ಅಲ್ಲಿ ಹೂಡಿಕೆದಾರನಿಗೆ ತಾನು ನಿಂತಿರುವ ನೆಲವಾದರೂ ತಿಳಿದಿತ್ತು.

ಆದ್ದರಿಂದ ಕಂಪೆನಿಗಳು ಅವಧಿಯನ್ನು ಹೇಳಲಿ, ಅಳತೆಯನ್ನು ಹೇಳಲಿ, ಕನಿಷ್ಠ-ಗರಿಷ್ಠ ಮಿತಿಯನ್ನು ಹೇಳಲಿ. ಹಿಂದಿನ ಮುನ್ನೋಟ ಎಷ್ಟು ನಿಜವಾಯಿತೆಂಬುದನ್ನು ಅದರ ಪಕ್ಕದಲ್ಲೇ ಮುದ್ರಿಸಲಿ. ಮಗಳ ಮದುವೆಗೆಂದೋ ಮಗನ ಶಿಕ್ಷಣಕ್ಕೆಂದೋ ಕೂಡಿಟ್ಟ ಹಣವನ್ನು ಶೇರಿಗೆ ಹಾಕುವ ಮುನ್ನ ನಾವೂ ಕೇಳಬೇಕಾದ ಪ್ರಶ್ನೆಗಳಿವು: ಎಷ್ಟು? ಯಾವಾಗ? ತಯಾರಾದದ್ದೋ, ಮಾರಾಟವಾದದ್ದೋ? ಉತ್ತರದಲ್ಲಿ ಸಂಖ್ಯೆಯ ಬದಲು ಬರೇ ವಿಶೇಷಣಗಳಿದ್ದರೆ, ಆ ಹಣ ಸದ್ಯ ನಮ್ಮಲ್ಲೇ ಇರುವುದು ಒಳ್ಳೆಯದು.