ಮೊಬೈಲ್ ಹಿಡಿದವರಿಗೆ ಸಮಾಜ ಕಾಣುವುದಿಲ್ಲವೇ?

ಊರಿಗೆ ಹೋದಾಗಲೆಲ್ಲ ದೊಡ್ಡಪ್ಪನದು ಒಂದೇ ಮಾತು: ‘ನಿಮ್ಗೆ ಮೊಬೈಲ್ ಬಿಟ್ರೆ ಪ್ರಪಂಚನೇ ಇಲ್ಲ ಕಣೋ. ನಮ್ ಕಾಲ್ದಲ್ಲಿ ಕಾಲೇಜು ಹುಡುಗ್ರು ಬೀದಿಗಿಳಿದ್ರೆ ಸರ್ಕಾರಾನೇ ನಡುಗೋದು.’

ಅದು ಸುಳ್ಳಲ್ಲ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಾಸ್ಟೆಲ್ ಊಟದ ಶುಲ್ಕ ಹೆಚ್ಚಳವನ್ನು ವಿರೋಧಿಸಿ ಸಿಡಿದೆದ್ದರು. ಅದೇ ನವನಿರ್ಮಾಣ ಚಳವಳಿಯಾಗಿ ಬೆಳೆದು, 1974ರ ಫೆಬ್ರುವರಿಯಲ್ಲಿ ಗುಜರಾತ್ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಡಬೇಕಾಯಿತು. ಆದರೆ ಅದು ಶುರುವಾದದ್ದು ದೊಡ್ಡ ಸಿದ್ಧಾಂತದಿಂದಲ್ಲ, ಮೆಸ್ ಬಿಲ್ಲಿನಿಂದ. ತಮ್ಮ ಕಷ್ಟದ ಬೆನ್ನು ಹಿಡಿದು ಹೋದಾಗಲೇ ಅವರಿಗೆ ವ್ಯವಸ್ಥೆಯ ಹುಳುಕು ಕಂಡಿತು.

ನಮ್ಮ ಪೀಳಿಗೆಯ ಕಷ್ಟ ಉದ್ಯೋಗದ್ದು. 2024ರ ಆಗಸ್ಟ್‌ನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ತಪ್ಪುಗಳಿಂದ ತುಂಬಿತ್ತು. ಅಭ್ಯರ್ಥಿಗಳು ಒಂದೊಂದೇ ಪ್ರಶ್ನೆಯನ್ನು ಮೊಬೈಲ್‌ನಲ್ಲೇ ಹಂಚಿಕೊಂಡು ದನಿಯೆತ್ತಿದರು. ಸರ್ಕಾರ ಮರುಪರೀಕ್ಷೆಗೆ ಒಪ್ಪಬೇಕಾಯಿತು. ಡಿಸೆಂಬರ್‌ನಲ್ಲಿ ನಡೆದ ಮರುಪರೀಕ್ಷೆಯಲ್ಲೂ ತಪ್ಪುಗಳು ಕಂಡಾಗ ಫ್ರೀಡಂ ಪಾರ್ಕಿಗೆ ಹೋದವರೂ ಅವರೇ. ಕನ್ನಡದಲ್ಲಿ ಓದಿದವರಿಗೆ ಅನ್ಯಾಯವಾಗಬಾರದು ಎನ್ನುವುದು ಸಾಮಾಜಿಕ ಪ್ರಜ್ಞೆಯಲ್ಲದೆ ಇನ್ನೇನು? ಆಗ ಅನೇಕ ಮನೆಗಳಿಂದ ಬಂದ ಬುದ್ಧಿಮಾತು ಮಾತ್ರ, ‘ಗಲಾಟೆ ಬಿಟ್ಟು ಓದ್ಕೋ’.

ವಿರೋಧಾಭಾಸ ಇರುವುದು ಇಲ್ಲೇ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹಿಂಸೆ, ಗುಂಪುಗಾರಿಕೆ ಎಂಬ ಕಾರಣಗಳಿದ್ದವು, ನಿಜ. ಆದರೆ ಈಜು ಕಲಿಯುವ ಕೆರೆಗೆ ಬೇಲಿ ಹಾಕಿದವರೇ ‘ಇವರಿಗೆ ಈಜು ಬರಲ್ಲ’ ಎಂದರೆ ಹೇಗೆ?

ಹಾಗೆಂದು ನಮ್ಮ ತಪ್ಪೇ ಇಲ್ಲವೆನ್ನಲಾರೆ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ನನಗೆ 18 ತುಂಬಿತ್ತು. ಸಿಇಟಿ ಗಡಿಬಿಡಿಯ ನೆಪದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿರಲೇ ಇಲ್ಲ. ಮತದಾನದ ದಿನ ಸ್ಟೇಟಸ್‌ನಲ್ಲಿ ಮಾತ್ರ ‘ತಪ್ಪದೇ ಮತ ಹಾಕಿ’ ಎಂದು ಹಾಕಿದ್ದೆ! ಅದನ್ನು ನೋಡಿ ದೊಡ್ಡಪ್ಪ ಕೇಳಿದರು, ‘ನೀನು ಹಾಕಿದ್ಯೇನೋ?’ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಹೆಸರು ಸೇರಿಸಿದ್ದೇನೆ. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹಾಸ್ಟೆಲ್‌ನಲ್ಲಿರುವವರು ಅಲ್ಲಿನ ವಿಳಾಸಕ್ಕೇ ನೋಂದಾಯಿಸಿಕೊಳ್ಳಬಹುದು. ನಮಗೆ ನೆಪಗಳು ಉಳಿದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನು ಹೇಳುತ್ತೇನೆ. ಜೊತೆಗೊಂದು ಪ್ರಶ್ನೆಯನ್ನೂ ಕೇಳಬೇಕಿದೆ: ‘ನಾಳೆ ನಾನೂ ಬೀದಿಗಿಳಿದ್ರೆ ಸುಮ್ನೆ ಓದ್ಕೋ ಅಂತೀರೋ, ಇಲ್ಲ ಬೆನ್ನು ತಟ್ತೀರೋ?’