ಡೋರಾಗೆ ಬರುವ ಕನ್ನಡ

ಶನಿವಾರ ಬೆಳಿಗ್ಗೆ ನಾಲ್ಕು ವರ್ಷದ ಮಗಳ ಜೊತೆ ಚಿಂಟು ಟಿವಿ ನೋಡೋದು ನನ್ನ ಡ್ಯೂಟಿ. ಡೋರಾ ಒಂದು ಪ್ರಶ್ನೆ ಕೇಳ್ತಾಳೆ, ಕಣ್ಣು ಪಿಳಿಪಿಳಿ ಬಿಡ್ತಾ ಉತ್ತರಕ್ಕೆ ಕಾಯ್ತಾಳೆ. ಹುಡುಕುತ್ತಿರೋ ವಸ್ತು ಅವಳ ಬೆನ್ನ ಹಿಂದೆಯೇ ಇಷ್ಟು ದೊಡ್ಡದಾಗಿ ಇರುತ್ತೆ, ಆದರೂ ಎಲ್ಲಿದೆ ಅಂತ ನಮ್ಮನ್ನ ಕೇಳ್ತಾಳೆ. ನಮ್ಮ ಆಫೀಸಿನ ಕ್ಲೈಂಟ್‌ಗಳೂ ಹೀಗೇ. ನನಗೆ ಸಿಟ್ಟು ಬರುತ್ತೆ, ಮಗಳಿಗೆ ಬರಲ್ಲ. ಸೋಫಾ ಮೇಲೆ ನಿಂತು "ಹಿಂದೆ ನೋಡೇ, ಹಿಂದೆ!" ಅಂತ ಕಿರುಚ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ.

ಮೊನ್ನೆ ಅವಳು ಮಲಗಿದ ಮೇಲೆ ನನ್ನ ಕಾಲದ್ದು ಏನಾದರೂ ಇದೆಯಾ ಅಂತ ಯೂಟ್ಯೂಬಿನಲ್ಲಿ ಹುಡುಕಿದೆ. 'ಟರ್ನಿಂಗ್ ಪಾಯಿಂಟ್'ನ ಒಂದು ತುಣುಕು ಸಿಕ್ಕಿತು. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ವಿಜ್ಞಾನ ಕಾರ್ಯಕ್ರಮ. ನಡೆಸಿಕೊಡೋರು ಗಿರೀಶ ಕಾರ್ನಾಡ್, ನೋಡುಗರ ಪ್ರಶ್ನೆಗಳಿಗೆ ಉತ್ತರ ಹೇಳೋರು ಪ್ರೊ. ಯಶಪಾಲ್.

ನಮ್ಮೂರು ಧುಪದಾಳ. ಘಟಪ್ರಭಾ ನದಿಗೆ ಬ್ರಿಟಿಷರು ಕಟ್ಟಿದ ಒಡ್ಡು ಇರೋ ಊರು. ನಮ್ಮ ಒಡ್ಡು ದಾಟಿದ ನೀರೇ ಮುಂದೆ ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಕೆಳಗೆ ಬೀಳೋದು. ನೀವು ಸೆಲ್ಫಿ ತೆಗೆಸಿಕೊಳ್ಳೋದು ಅದರ ಜೊತೆಗೇ. ನಮ್ಮ ಓಣಿಗೆಲ್ಲ ಒಂದೇ ಬ್ಲ್ಯಾಕ್ ಆಂಡ್ ವೈಟ್ ಟಿವಿ. ಅದರ ಮುಂದೆ ಇಪ್ಪತ್ತು ಹುಡುಗರು. ಅದರಲ್ಲಿ ಮಾತಾಡ್ತಿದ್ದದ್ದು ಹಿಂದಿಯೋ ಇಂಗ್ಲಿಷೋ, ನಮಗೆ ಎರಡೂ ಒಂದೇ. ಮುಂಬೈಯಲ್ಲಿ ಎರಡು ವರ್ಷ ದುಡಿದು ಬಂದಿದ್ದ ಕಾಕಾ ನಮ್ಮ ಅಧಿಕೃತ ಅನುವಾದಕ. ಕಾರ್ನಾಡರು ಎರಡು ನಿಮಿಷ ಮಾತಾಡಿದರೆ ಕಾಕಾ ಒಂದೇ ಸಾಲಿನಲ್ಲಿ ಮುಗಿಸ್ತಿದ್ದ: "ಭೂಮಿ ಬಿಸಿ ಆಗೇತಂತ." ಮುಂದಿನ ವಾರ ಕಾರ್ನಾಡರು ಸ್ವಲ್ಪ ನಕ್ಕು ಮಾತಾಡಿದರು. ಕಾಕಾ ಯೋಚನೆ ಮಾಡಿ ಹೇಳಿದ: "ಈಗ ಆರೇತಂತ."

ಮೊನ್ನೆ ನೋಡಿದಾಗ ಗೊತ್ತಾಯ್ತು, ಎಷ್ಟು ಒಳ್ಳೇ ಕಾರ್ಯಕ್ರಮ ಅದು. ಯಾರೂ ಕೂಗಾಡಲ್ಲ. ಯಶಪಾಲರು ಕಟ್ಟೆ ಮೇಲೆ ಕೂತ ಅಜ್ಜನ ಹಾಗೆ ನಿಧಾನಕ್ಕೆ ಹೇಳ್ತಾರೆ. ಒಳ್ಳೇದಿತ್ತು ಅನ್ನೋದಕ್ಕೇ ಸಿಟ್ಟು ಇನ್ನೂ ಹೆಚ್ಚಾಯ್ತು. ಕಾರ್ನಾಡರು ಶಿರಸಿ, ಧಾರವಾಡದಲ್ಲಿ ಬೆಳೆದವರು. 2011ರಲ್ಲಿ ಬಂದ ಆತ್ಮಕಥೆಗೆ 'ಆಡಾಡತ ಆಯುಷ್ಯ' ಅಂತ ಹೆಸರಿಟ್ಟವರು. ಅದು ನಮ್ಮವ್ವ ಮಾತಾಡೋ ಕನ್ನಡ. ಅಂಥವರು ಟಿವಿಯೊಳಗೆ, ನಾವು ಟಿವಿ ಹೊರಗೆ, ನಡುವೆ ಒಬ್ಬ ಕಾಕಾ! ಧಾರವಾಡದ ಕಾರ್ನಾಡರಿಗೆ ಆ ಟಿವಿಯಲ್ಲಿ ಸಿಗದ ಕನ್ನಡ ಅಮೆರಿಕದ ಡೋರಾಗೆ ಸಿಕ್ಕಿದೆ. ತಪ್ಪು ಕಾರ್ನಾಡರದ್ದಲ್ಲ ಬಿಡಿ. ಡಬ್ ಮಾಡಿ ಕೊಡಬೇಕಿದ್ದವರು ಬೇರೆಯವರು.

ಆಗ ತಂತ್ರಜ್ಞಾನ ಇರಲಿಲ್ಲ ಅಂತೀರಾ? ಕೇಳಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಅನ್ನೋ ಪ್ರಯೋಗ ನಡೀತು. ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಉಪಗ್ರಹ ಎರವಲು ತಂದು, ಕೋಳಿಗೂಡಿಗೆ ಬಡಿಯೋ ತಂತಿ ಜಾಳಿಗೆಯಿಂದ ಆಂಟೆನಾ ಮಾಡಿ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದರು. ಅದರಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳಿದ್ದವು. ಬೆಳಿಗ್ಗೆ ಸಾಲಿ ಹುಡುಗರಿಗೆ ಅಂತಲೇ ಕಾರ್ಯಕ್ರಮ, ಹಿಂದಿ, ತೆಲುಗು, ಒಡಿಯಾ ಜೊತೆಗೆ ಕನ್ನಡದಲ್ಲಿ! ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಗಳ ಕೇಂದ್ರದ ನಿರ್ದೇಶಕರಾಗಿ ಇದನ್ನ ಮುನ್ನಡೆಸಿದವರು ಯಾರು ಗೊತ್ತಾ? ಇದೇ ಯಶಪಾಲ್. ಸಾಲದ ಉಪಗ್ರಹ ಇದ್ದಾಗ ಕನ್ನಡ ಇತ್ತು. ನಮ್ಮದೇ ಉಪಗ್ರಹ ಮೇಲೆ ಹೋಯ್ತು, ಕನ್ನಡ ಕೆಳಗೆ ಉಳೀತು.

ಇನ್ನು ನಮ್ಮ ಕನ್ನಡ ಕಾಯೋ ದ್ವಾರಪಾಲಕರು. ಡಬ್ಬಿಂಗ್ ಬಂದರೆ ಕನ್ನಡ ಹಾಳಾಗುತ್ತೆ ಅಂತ ಆಗ ಬಾಗಿಲು ಹಾಕಿ ನಿಂತಿದ್ದವರು. 2012ರಲ್ಲಿ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂತು, ಕನ್ನಡದ ಟಿವಿಯಲ್ಲಿ ಬರಲಿಲ್ಲ. ಡೋರಾ ಹೆಂಗೋ ಒಳಗೆ ನುಸುಳಿದಳು, ಕಾರ್ಟೂನು ಅಂತ. ಅಂದರೆ ಆಗ ಗೊಂಬೆ ಕನ್ನಡ ಮಾತಾಡಬಹುದಿತ್ತು, ವಿಜ್ಞಾನಿ ಮಾತಾಡಬಾರದಿತ್ತು. ಪಕ್ಕದ ತಮಿಳರಿಗೆ 2011ರಿಂದ ಡಿಸ್ಕವರಿಯ ಪ್ರತ್ಯೇಕ ಚಾನೆಲ್ಲೇ ಇದೆ. ಅಲ್ಲಿ ತಮಿಳು ಸತ್ತ ಸುದ್ದಿ ನನಗಂತೂ ಬಂದಿಲ್ಲ.

"ಟಿವಿ ನೋಡೇ ನಾವು ಹಿಂದಿ ಕಲಿತ್ವಿ, ಏನು ನಷ್ಟ ಆಯ್ತು?" ಅಂತ ನಮ್ಮ ಟೀಮಿನವರೇ ಊಟದ ಹೊತ್ತಲ್ಲಿ ಕೇಳ್ತಾರೆ. ನಾನೂ ಕಲಿತೆ ಮಾರಾಯ. ಆದರೆ ಆ ಕಾರ್ಯಕ್ರಮ ಇದ್ದದ್ದು ಹಿಂದಿ ಕಲಿಸೋಕಲ್ಲ. ಮತ್ತೆ ಕಲಿತವರು ಮಾತ್ರ ಈ ಫುಡ್‌ಕೋರ್ಟಿಗೆ ಬಂದಿದ್ದೇವೆ. ನಷ್ಟ ಆದವರು ಈ ಟೇಬಲ್ಲಿನಲ್ಲಿ ಕೂತಿಲ್ಲ, ಅದಕ್ಕೇ ನಷ್ಟ ಕಾಣಿಸ್ತಿಲ್ಲ.

ನನ್ನ ದೋಸ್ತ ಒಬ್ಬನಿದ್ದಾನೆ. 1992ರಲ್ಲಿ, ನಾವು ಆರನೇತ್ತೆ ಇದ್ದಾಗ, ಯಶಪಾಲರಿಗೆ ಅಂತ ಒಂದು ಪೋಸ್ಟ್‌ಕಾರ್ಡ್ ಬರೆದ. ಪ್ರಶ್ನೆ ಒಂದೇ: ನಮ್ಮೂರ ಒಡ್ಡಿನ ನೀರಿನ ಸಪ್ಪಳ ಹಗಲಿಗಿಂತ ರಾತ್ರಿ ಯಾಕೆ ಜಾಸ್ತಿ ಕೇಳುತ್ತೆ? ಕನ್ನಡದಲ್ಲಿ ಬರೆದರೆ ಓದ್ತಾರೋ ಇಲ್ಲವೋ ಅಂತ ಅನುಮಾನ ಬಂತು. ಕಾಕಾನ ಹತ್ತಿರ ಹೋದೆವು. ಕಾಕಾನಿಗೆ ಹಿಂದಿ ಮಾತಾಡೋಕೆ ಬರ್ತಿತ್ತು, ಬರೆಯೋಕೆ ಬರ್ತಿರಲಿಲ್ಲ. ಕಾರ್ಡು ಗಣಿತದ ಪುಸ್ತಕದೊಳಗೇ ಉಳೀತು. ತರಗತಿಯಲ್ಲಿ ನನಗಿಂತ ಚುರುಕು ಅವನು. ಪಿಯುಸಿ ಸೈನ್ಸ್ ಸೇರಿದ, ಇಂಗ್ಲಿಷಿನ ಫಿಜಿಕ್ಸ್ ಪುಸ್ತಕದ ಜೊತೆ ಆರು ತಿಂಗಳು ಗುದ್ದಾಡಿ ಬಿಟ್ಟ. ನಾನು ಟ್ಯೂಶನ್ನು, ಗೈಡು, ಬಾಯಿಪಾಠ ಅಂತ ಹೆಂಗೋ ದಾಟಿ ಬಿ.ಇ. ಮಾಡಿದೆ. ಅವನದ್ದೀಗ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಒಳ್ಳೇ ದುಡಿಮೆ, ಅಯ್ಯೋ ಪಾಪ ಅನ್ನೋಹಂಗಿಲ್ಲ. ನನ್ನ ಥರ ಇಎಂಐ ಇಲ್ಲ.

ಈ ದಸರಾಕ್ಕೆ ಊರಿಗೆ ಹೋದಾಗ ಅವನ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಆ ತುಣುಕು ತೋರಿಸಿದೆ. ಅಲ್ಲಿ ಏನು ಹೇಳ್ತಿದ್ದಾರೆ ಅಂತ ಕನ್ನಡದಲ್ಲಿ ತಿಳಿಸಿದೆ. "ಕಾಕಾ ಹೇಳತಿದ್ದದ್ದಽ ಚಲೋ ಇತ್ತ ಬಿಡಲೇ" ಅಂತ ನಕ್ಕ. ಆಮೇಲೆ ಆ ಹಳೇ ಕಾರ್ಡಿಗೆ ಉತ್ತರ ಕೊಟ್ಟೆ. ರಾತ್ರಿ ಬೇರೆ ಗದ್ದಲ ಇರಲ್ಲ, ಅದು ಒಂದು. ಇನ್ನೊಂದು, ಹಗಲು ನೆಲಕ್ಕೆ ಹತ್ತಿದ ಗಾಳಿ ಕಾದಿರುತ್ತೆ, ಸಪ್ಪಳ ಮೇಲಕ್ಕೆ ಬಾಗಿ ಹೋಗುತ್ತೆ. ರಾತ್ರಿ ನೆಲ ಆರುತ್ತೆ, ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಮೇಲೆ ಹೋಗೋ ಸಪ್ಪಳ ಬಾಗಿ ಊರ ಕಡೆ ಇಳಿಯುತ್ತೆ.

ತಾಮ್ರದ ತಂತಿ ಸುತ್ತೋದು ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ಕೂತ.

"ಹಂಗಾದ್ರ ಥಂಡ್ಯಾಗ ರಾತ್ರಿ ಇನ್ನೂ ಜಾಸ್ತಿ ಕೇಳಬೇಕಲ್ಲೋ?"

ಹೌದು ಅಂದೆ.

"ಆದ್ರ ಥಂಡ್ಯಾಗ ಒಡ್ಡಿನ ಮ್ಯಾಲ ನೀರ ಕಡಿಮಿ ಇರತಾವು. ಮತ್ತ ಖರೇನೋ ಸುಳ್ಳೋ ಹೆಂಗ ನೋಡೂದು?"