79 ತುಣುಕುಗಳಲ್ಲಿ ಯಾವುದು ಕಾಣೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು



ಹೆಬ್ಬಾಳದ ಮೇಲ್ಸೇತುವೆ ಇಳಿದು ತಮ್ಮ ಕಾರು ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಟಾಗ ಎಡಗಡೆ ಸಿಗುವುದು ಕೃಷಿ ವಿಶ್ವವಿದ್ಯಾಲಯದ ಆವರಣ, ಜಿಕೆವಿಕೆ. ಕೃಷಿ ಮೇಳಕ್ಕೆಂದು ತಾವೂ ಅಲ್ಲಿಗೆ ಬಂದಿರಬಹುದು. ಆದರೆ ಮೇಳಕ್ಕೆ ಬಂದವರು ಸಾಮಾನ್ಯವಾಗಿ ತಲುಪದ ಒಂದು ಮೂಲೆ ಆ ಆವರಣದಲ್ಲಿದೆ. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಾದ ಎನ್‌ಸಿಬಿಎಸ್, ಮತ್ತು ಅದಕ್ಕೆ ಅಂಟಿಕೊಂಡಂತೆ 2009ರಲ್ಲಿ ಶುರುವಾದ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಇರುವುದು ಅಲ್ಲಿ. ಅಲ್ಲಿ ಗಾಜಿನ ಸೀಸೆಗಳಲ್ಲಿ ನೊಣ ಸಾಕುತ್ತಾರೆ. ಕಳಿತ ಬಾಳೆಹಣ್ಣಿಗೆ ಮುತ್ತಿಕೊಳ್ಳುತ್ತದಲ್ಲ, ಅದೇ ಸಣ್ಣ ನೊಣ. ಇತ್ತ ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಉಪೇಂದ್ರ ನೊಂಗ್‌ತೊಂಬಾ ಅವರ ತಂಡ ಇದೇ ನೊಣದ ಹಾರಾಟದ ಸ್ನಾಯುಗಳನ್ನು ಹಿಡಿದು ಕೂತಿದೆ.

ನೊಣಕ್ಕೂ ಆರೋಗ್ಯ ಇಲಾಖೆಗೂ ಏನು ನಂಟು ಎಂದು ತಾವು ಕೇಳಿದರೆ ತಪ್ಪಿಲ್ಲ. ನಂಟು ತಿಳಿಯಬೇಕಾದರೆ ಮೊದಲು ಒಂದು ಕಾಯಿಲೆಯ ವಿಷಯ ಹೇಳಬೇಕು.

ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಡುಷೇನ್ ಸ್ನಾಯುಕ್ಷಯ ಇರುತ್ತದೆ. ಆಸ್ಪತ್ರೆಯವರ ಬಾಯಲ್ಲಿ ಅದು ಡಿಎಂಡಿ. ಹುಡುಗ ತಡವಾಗಿ ನಡೆಯಲು ಕಲಿಯುತ್ತಾನೆ, ಪದೇ ಪದೇ ಬೀಳುತ್ತಾನೆ. ನೆಲದಿಂದ ಏಳುವಾಗ ಕೈಗಳನ್ನು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ ತನ್ನ ಮೈಯನ್ನು ತಾನೇ ಹತ್ತಿದ ಹಾಗೆ ಏಳುತ್ತಾನೆ. ವಿಲಿಯಂ ಗವರ್ಸ್ ಎಂಬ ಇಂಗ್ಲಿಷ್ ವೈದ್ಯ ಇದನ್ನು 1879ರಲ್ಲೇ ಬರೆದಿಟ್ಟಿದ್ದಾನೆ. ಮೀನಖಂಡ ದಪ್ಪಗೆ ಉಬ್ಬಿರುವುದರಿಂದ ಮನೆಯವರು ಹುಡುಗ ಗಟ್ಟಿಮುಟ್ಟಾಗಿದ್ದಾನೆ ಎಂದೇ ತಿಳಿಯುತ್ತಾರೆ. ಹನ್ನೆರಡರ ಆಸುಪಾಸಿಗೆ ಅವನು ಗಾಲಿಕುರ್ಚಿ ಹಿಡಿದಿರುತ್ತಾನೆ. ಬರಬರುತ್ತ ಉಸಿರಾಟದ ಸ್ನಾಯು ಸೋಲುತ್ತದೆ, ಹೃದಯವೂ ಸೋಲುತ್ತದೆ.

ಇದರ ಮೂಲ ಯಾವ ವಂಶವಾಹಿಯಲ್ಲಿದೆ ಎಂಬುದನ್ನು 1986ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಅವರ ಪ್ರಯೋಗಾಲಯ ಪತ್ತೆಹಚ್ಚಿತು. ಮರುವರ್ಷ ಅದು ತಯಾರಿಸುವ ಪ್ರೋಟೀನೂ ಸಿಕ್ಕಿತು, ಡಿಸ್ಟ್ರೋಫಿನ್ ಎಂಬ ಹೆಸರೂ ಬಿತ್ತು. ಸ್ನಾಯುಕೋಶದ ಒಳಗಿನ ಎಳೆಗಳನ್ನು ಕೋಶದ ಪೊರೆಗೆ, ಪೊರೆಯ ಮೂಲಕ ಹೊರಗಿನ ಅಂಗಾಂಶಕ್ಕೆ ಬಿಗಿದು ಹಿಡಿಯುವುದು ಅದರ ಕೆಲಸ. ಅದಿಲ್ಲದಿದ್ದರೆ ಸ್ನಾಯು ಕುಗ್ಗಿ ಹಿಗ್ಗುವಾಗಲೆಲ್ಲ ಪೊರೆ ಹರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೋಶ ಸಾಯುತ್ತದೆ. ಈ ವಂಶವಾಹಿ ಮನುಷ್ಯನಲ್ಲಿ ಗೊತ್ತಿರುವ ಅತಿ ದೊಡ್ಡ ವಂಶವಾಹಿಗಳಲ್ಲೊಂದು. ಸುಮಾರು 22 ಲಕ್ಷ ಅಕ್ಷರಗಳುದ್ದಕ್ಕೂ ಅದರ 79 ತುಣುಕುಗಳು ಚದುರಿಕೊಂಡಿವೆ. ಈ ತುಣುಕುಗಳಿಗೆ ಎಕ್ಸಾನ್ ಎನ್ನುತ್ತಾರೆ.

ಕೋಶ ಈ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಕಮಲ ನಗರ ಕಡಲ ಪವನ’ ಎಂದು ಬರೆದಿದೆ ಎನ್ನಿ. ಒಂದು ಪದವೇ ಬಿದ್ದುಹೋದರೂ ಉಳಿದದ್ದನ್ನು ಓದಬಹುದು. ಆದರೆ ‘ಕಮಲ’ದ ‘ಲ’ ಒಂದೇ ಬಿದ್ದರೆ ‘ಕಮನ ಗರಕ ಡಲಪ ವನ’ ಆಗಿ ಕೊನೆಯವರೆಗೂ ಅಸಂಬದ್ಧ. ಕಾಣೆಯಾದ ತುಣುಕಿನ ಅಕ್ಷರಗಳು ಮೂರರ ಲೆಕ್ಕಕ್ಕೆ ಕೂಡಿದರೆ ಮೊದಲ ಬಗೆಯ ನಷ್ಟ, ಕೂಡದಿದ್ದರೆ ಎರಡನೆಯದು. ಮೊದಲ ಬಗೆಯದಾದರೆ ಮೊಟಕು ಡಿಸ್ಟ್ರೋಫಿನ್ ತಯಾರಾಗಿ ಬೆಕರ್ ಎಂಬ ಸೌಮ್ಯ ಕಾಯಿಲೆ ಬರುತ್ತದೆ. ಎರಡನೆಯದಾದರೆ ಡುಷೇನ್. ಆದ್ದರಿಂದ ಯಾವ ತುಣುಕು ಕಾಣೆಯಾಗಿದೆ ಎಂಬ ಪ್ರಶ್ನೆ ಬರೀ ಪಾಂಡಿತ್ಯದ್ದಲ್ಲ. ಹುಡುಗನ ಮುಂದಿನ ಹತ್ತು ವರ್ಷ ಹೇಗಿರುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ಈಗ ನೊಣಕ್ಕೆ ಬರೋಣ. ಸ್ನಾಯು ಹರಿದಾಗಲೆಲ್ಲ ರಿಪೇರಿಗೆ ಬರುವುದು ಅದರ ಅಂಚಿನಲ್ಲಿ ನಿದ್ರಿಸುವ ಕಾಂಡಕೋಶಗಳು. ಅವಕ್ಕೆ ಸ್ಯಾಟಲೈಟ್ ಕೋಶಗಳೆಂದು ಹೆಸರು. ಡಿಎಂಡಿ ಹುಡುಗನಲ್ಲಿ ಇವು ದಿನವೂ ದುಡಿದು ದುಡಿದು ಸೋಲುತ್ತವೆ. ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಇವು ಯಾವಾಗ ಮಲಗುತ್ತವೆ, ಹೇಗೆ ಏಳುತ್ತವೆ ಎಂಬುದನ್ನು ಬಗೆಯುತ್ತ ಬಂದವರು ಜ್ಯೋತ್ಸ್ನಾ ಧವನ್. ಇನ್‌ಸ್ಟೆಮ್‌ನ ಆರಂಭದ ವರ್ಷಗಳಲ್ಲಿ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ನೊಣದ ಸ್ನಾಯುವಿನಲ್ಲಿ ಇಂಥ ಕೋಶಗಳೇ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. ಇವೆ ಎಂದು 2017ರಲ್ಲಿ ತೋರಿಸಿಕೊಟ್ಟದ್ದು ಎನ್‌ಸಿಬಿಎಸ್‌ನ ಕೆ. ವಿಜಯರಾಘವನ್ ಅವರ ತಂಡ. ಹಾರಾಟದ ಸ್ನಾಯುವಿಗೆ ಗಾಯ ಮಾಡಿದಾಗ, ಬದಿಯಲ್ಲಿ ಉಳಿದಿದ್ದ ಬೆರಳೆಣಿಕೆಯ ಕೋಶಗಳು ಎಚ್ಚೆತ್ತು ಇಮ್ಮಡಿಯಾಗತೊಡಗಿದವು. ಗಾಯಗೊಂಡ ಸ್ನಾಯುವೇ ನಾಚ್ ಎಂಬ ಸಂಕೇತದ ಮೂಲಕ ಅವನ್ನು ಎಬ್ಬಿಸುತ್ತಿತ್ತು. ಆಗ ವಿಜಯರಾಘವನ್ ದೆಹಲಿಯಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ಕಡತ ನೋಡುತ್ತಲೇ ನೊಣವನ್ನೂ ಬಿಡದ ಅಧಿಕಾರಿಗಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಇಷ್ಟು ವಿಜ್ಞಾನ ಬಳ್ಳಾರಿ ರಸ್ತೆಯ ಬದಿಯಲ್ಲಿದೆ. ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಊರುಗಳ ಹುಡುಗನ ಕಥೆ ಬೇರೆ.

ಅವನಿಗೆ ಸಾಮಾನ್ಯವಾಗಿ ಮೊದಲು ಮಾಡಿಸುವುದು ರಕ್ತಪರೀಕ್ಷೆ. ಅದರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿರುತ್ತವೆ. ಇವು ಪಿತ್ತಜನಕಾಂಗದವೆಂದು ಎಲ್ಲರಿಗೂ ಗೊತ್ತು. ಹರಿದ ಸ್ನಾಯುವಿನಿಂದಲೂ ಸೋರುತ್ತವೆ ಎಂಬುದು ನೆನಪಾಗುವುದಿಲ್ಲ. ಕಾಮಾಲೆಯೆಂದು ಪಥ್ಯ, ನಾಟಿ ಔಷಧಿ ಶುರುವಾಗುತ್ತದೆ. ಪಿತ್ತಜನಕಾಂಗದ ಚೂರು ತೆಗೆದು ನೋಡಿದ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳು ದೇಶದೇಶಗಳಿಂದ ವರದಿ ಮಾಡಿವೆ. ಜೊತೆಗೆ ಸಿಕೆ, ಅಂದರೆ ಕ್ರಿಯಾಟಿನ್ ಕೈನೇಸ್, ಎಂಬ ಇನ್ನೊಂದು ಪರೀಕ್ಷೆ ಬರೆದಿದ್ದರೆ ಆವತ್ತೇ ದಾರಿ ಸಿಗುತ್ತಿತ್ತು. ಡಿಎಂಡಿ ಇದ್ದರೆ ಅದರ ಮಟ್ಟ ಹತ್ತಾರು ಪಟ್ಟು ಏರಿರುತ್ತದೆ. ಸಾಧಾರಣ ಲ್ಯಾಬ್‌ನಲ್ಲೂ ಆಗುವ ಪರೀಕ್ಷೆ ಅದು.

ತಮ್ಮನ್ನು ಕೇಳಬೇಕಾದ್ದು ಇಲ್ಲಿಂದ ಶುರುವಾಗುತ್ತದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಬೇಕೆಂಬುದು ನಿಯಮ. ತೂಕ ನೋಡುತ್ತಾರೆ, ಹಲ್ಲು ನೋಡುತ್ತಾರೆ. ಹುಡುಗರನ್ನು ನೆಲದ ಮೇಲೆ ಕೂರಿಸಿ ‘ಎದ್ದೇಳು’ ಎನ್ನುವುದಕ್ಕೆ ಯಂತ್ರ ಬೇಡ, ಟೆಂಡರ್ ಬೇಡ. ಕೈ ಊರಿ ಎದ್ದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕೆ. ಅದು ಏರಿದ್ದರೆ 79 ಎಕ್ಸಾನ್‌ಗಳನ್ನೂ ಎಣಿಸಿ ನೋಡುವ ಎಂಎಲ್‌ಪಿಎ ಪರೀಕ್ಷೆ, ಸರ್ಕಾರದ ಖರ್ಚಿನಲ್ಲಿ. ಪ್ರತಿ ಹತ್ತರಲ್ಲಿ ಆರೇಳು ಹುಡುಗರಿಗೆ ಒಂದೋ ಹಲವೋ ತುಣುಕು ಬಿದ್ದುಹೋಗಿರುವುದೇ ಕಾರಣವಾದ್ದರಿಂದ ಬಹುಪಾಲು ಮಂದಿಗೆ ಇದೊಂದರಲ್ಲೇ ಉತ್ತರ ಸಿಗುತ್ತದೆ. ಉಳಿದವರಿಗೆ ವಂಶವಾಹಿಯ ಪೂರ್ತಿ ಓದು ಬೇಕಾಗುತ್ತದೆ.

ಔಷಧಿಯೇ ಇಲ್ಲದ ಮೇಲೆ ಪರೀಕ್ಷೆ ಯಾಕೆ ಎಂದು ಕೇಳುವ ಅಧಿಕಾರಿಗಳು ತಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಮೂರು ಮಾತು ಹೇಳಬೇಕು. ಡೆಫ್ಲಜಕಾರ್ಟ್ ಎಂಬ ಸ್ಟಿರಾಯ್ಡ್ ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಅದೇ ಗುಳಿಗೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಅಲ್ಲಿನ ಒಂದು ಕಂಪನಿ ವರ್ಷಕ್ಕೆ 89,000 ಡಾಲರ್ ಬೆಲೆ ಹೇಳಿ ಗಲಾಟೆಯಾಗಿತ್ತು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಹುಡುಗ ಇನ್ನಷ್ಟು ವರ್ಷ ನಡೆಯುತ್ತಾನೆ. ತೂಕ ಏರುವುದು, ಮೂಳೆ ಸವೆಯುವುದು ಇದ್ದೇ ಇದೆ, ಆದ್ದರಿಂದ ವೈದ್ಯರ ಕಣ್ಗಾವಲು ಬೇಕು. ಎರಡನೆಯದು ತಾಯಿಯ ವಿಚಾರ. ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಮೂರರಲ್ಲಿ ಸುಮಾರು ಒಂದು ಪಾಲು ಪ್ರಕರಣಗಳಲ್ಲಿ ತಾಯಿಯಲ್ಲಿ ಅದು ಇರುವುದೇ ಇಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಪರೀಕ್ಷೆ ಇಲ್ಲದ ಮನೆಯಲ್ಲಿ ಎಲ್ಲ ತಾಯಂದಿರ ಮೇಲೂ ಒಂದೇ ಅಪವಾದ. ತಾಯಿಯಲ್ಲಿ ಇದ್ದದ್ದೇ ಆದರೆ ಅವಳ ಮುಂದಿನ ಬಸಿರಿಗೆ, ಅವಳ ತಂಗಿಯ ಬಸಿರಿಗೆ ಮೊದಲೇ ಸಲಹೆ ಕೊಡಬಹುದು. ಮೂರನೆಯದು, ಇನ್ನೊಂದು ಎಕ್ಸಾನ್ ಹಾರಿಸಿ ಉಳಿದದ್ದನ್ನು ಮತ್ತೆ ಮೂರು ಮೂರು ಅಕ್ಷರವಾಗಿ ಸರಿಯಾಗಿ ಓದಿಸುವ ಹೊಸ ಔಷಧಿಗಳು. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಟಿಪ್ಲಿರ್ಸನ್ ನೂರರಲ್ಲಿ ಹದಿಮೂರು ಹುಡುಗರಿಗೆ ಮಾತ್ರ ಹೊಂದುತ್ತದೆ. ಆ ಹದಿಮೂರು ಯಾರು ಎಂದು ಪರೀಕ್ಷೆ ಇಲ್ಲದೆ ಹೇಳಲಾಗದು.

ದುಬಾರಿ ಔಷಧಿ ತರಿಸಿಕೊಡಿ ಎಂದು ಈ ಪತ್ರ ಕೇಳುತ್ತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಬಂದ ವಂಶವಾಹಿ ಚಿಕಿತ್ಸೆ ಎಲಿವಿಡಿಸ್‌ನ ಬೆಲೆ ಆಗ 32 ಲಕ್ಷ ಡಾಲರ್ ಇತ್ತು. 2025ರಲ್ಲಿ ಅದನ್ನು ಪಡೆದ ಇಬ್ಬರು ಹುಡುಗರು ಪಿತ್ತಜನಕಾಂಗ ಕೆಟ್ಟು ತೀರಿಕೊಂಡರು. ನಮ್ಮ 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ ಮರುವರ್ಷದ ತಿದ್ದುಪಡಿಯ ನಂತರ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ವರ್ಷಕ್ಕೆ ಕೋಟಿಗಟ್ಟಲೆ ಬೇಡುವ ಔಷಧಿಗೆ ಅದು ಕೆಲವು ತಿಂಗಳು ಬಂದೀತು. ಆ ಲೆಕ್ಕ ಕೂಡುವುದಿಲ್ಲ. ಪರೀಕ್ಷೆಯ ಲೆಕ್ಕ ಕೂಡುತ್ತದೆ.

ಇನ್ನೊಂದು ವಿಷಯ ತಮ್ಮ ಗಮನಕ್ಕೆ. ಡಿಎಂಡಿ ಮಕ್ಕಳ ಪೋಷಕರೇ ಬೆಂಗಳೂರಿನಲ್ಲಿ ಕಟ್ಟಿದ ಡಾರ್ಟ್ ಎಂಬ ಟ್ರಸ್ಟ್ ಸ್ವಂತ ಪ್ರಯೋಗಾಲಯ ಇಟ್ಟುಕೊಂಡು ಎಕ್ಸಾನ್ ಹಾರಿಸುವ ಔಷಧಿಗೆ ದುಡಿಯುತ್ತಿದೆ. ಅದರ ಜೊತೆ ಕೈಜೋಡಿಸಿ ಡಿಎಂಡಿ ಸಂಶೋಧನಾ ಕೇಂದ್ರ ತೆರೆದದ್ದು ರಾಜಸ್ಥಾನದ ಜೋಧಪುರದ ಐಐಟಿ ಮತ್ತು ಏಮ್ಸ್. ಬೆಂಗಳೂರಿನ ಅಪ್ಪ ಅಮ್ಮಂದಿರು ಮರುಭೂಮಿಯ ಅಂಚಿನವರೆಗೆ ಹೋಗಬೇಕಾಯಿತು.

ರಾಯಚೂರಿನ, ಕಲಬುರಗಿಯ ಕುಟುಂಬ ಯಶವಂತಪುರದಲ್ಲಿ ರೈಲಿಳಿದು, ಹುಡುಗನನ್ನು ಎತ್ತಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಬೇಕು. ಸ್ನಾಯುರೋಗಗಳಲ್ಲಿ ದಶಕಗಳ ಅನುಭವವಿರುವ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ. ವಂಶವಾಹಿ ಸಲಹೆ ಕೊಡುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನಿಮ್ಹಾನ್ಸ್‌ನ ಉತ್ತರ ಆವರಣ ಕ್ಯಾಲಸನಹಳ್ಳಿಯಲ್ಲಿ ಬರುತ್ತದೆಂಬ ಮಾತು ವರ್ಷಗಳಿಂದ ಇದೆ. ಅದರ ನಕ್ಷೆಯಲ್ಲಿ ವಾರಕ್ಕೊಂದು ದಿನದ ಸ್ನಾಯುರೋಗ ಕ್ಲಿನಿಕ್‌ಗೆ ಎರಡು ಕೋಣೆ, ಜಿಕೆವಿಕೆ ಮತ್ತು ವಿಜ್ಞಾನ ಸಂಸ್ಥೆಯ ಸಂಶೋಧಕರು ಬಂದು ಕೂರಲು ಒಂದು ಮೇಜು ಇರಲೆಂದು ರಾಜ್ಯದ ಪರವಾಗಿ ತಾವು ಕೇಂದ್ರಕ್ಕೆ ಬರೆಯಬಹುದು. ಎಂಎಲ್‌ಪಿಎ ಪರೀಕ್ಷೆಯ ಆದೇಶಕ್ಕೆ ಮಾತ್ರ ದೆಹಲಿಯನ್ನು ಕಾಯಬೇಕಾಗಿಲ್ಲ. ಅದು ತಮ್ಮ ಇಲಾಖೆಯಿಂದಲೇ ಹೊರಡಬಹುದು, ಮುಂದಿನ ಶಾಲಾ ವರ್ಷ ಶುರುವಾಗುವ ಮುನ್ನ.